ಹರ್ಷಿಯ ಕರಡಿಗಳು, ಭದ್ರಾವತಿಯ ಮೈದಾನ

ನಾನು ಹುಟ್ಟಿ ಬೆಳೆದದ್ದು ಭದ್ರಾವತಿಯ ಪೇಪರ್ ಟೌನ್‌ನಲ್ಲಿ. ಬಸ್ಸು ಊರು ಮುಟ್ಟುವ ಮೊದಲೇ ಕಾಗದದ ತಿರುಳು ಬೇಯುವ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಹೊಸಬರು ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದರು, ನಾವು ಚೀಲ ಕೆಳಗಿಳಿಸಿಕೊಂಡು ಬಾಗಿಲ ಹತ್ತಿರ ಹೋಗಿ ನಿಲ್ಲುತ್ತಿದ್ದೆವು. ಈಗ ಹದಿನಾರು ವರ್ಷಗಳಿಂದ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಮೆಕ್ಯಾನಿಕ್ಸ್‌ಬರ್ಗ್‌ನಲ್ಲಿದ್ದೇನೆ. ಇಲ್ಲಿಂದ ಸಸ್ಕ್ವೆಹಾನಾ ನದಿ ದಾಟಿ ಪೂರ್ವಕ್ಕೆ ಅರ್ಧ ಗಂಟೆ ಕಾರು ಓಡಿಸಿದರೆ ಹರ್ಷಿ ಎಂಬ ಊರು ಸಿಗುತ್ತದೆ. ಗಾಳಿ ಈ ಕಡೆಗೆ ಬೀಸುತ್ತಿದ್ದರೆ ಅಲ್ಲಿಯೂ ಊರಿಗಿಂತ ಮುಂಚೆ ಕಾರ್ಖಾನೆಯ ವಾಸನೆಯೇ ಎದುರುಗೊಳ್ಳುತ್ತದೆ, ಆದರೆ ಅದು ಕೋಕೋ ಬೀಜದ ವಾಸನೆ. ಮೊದಲ ಸಲ ಹೋದಾಗ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳಲೇಬೇಕು.

ಆ ಊರಿನ ಜನಸಂಖ್ಯೆ ಸುಮಾರು 14 ಸಾವಿರ. ಅಲ್ಲಿನ ಐಸ್ ಹಾಕಿ ಕ್ರೀಡಾಂಗಣದಲ್ಲಿ ಹತ್ತು ಸಾವಿರದ ಐನೂರು ಆಸನಗಳಿವೆ, ಚಳಿಗಾಲದ ಶನಿವಾರಗಳಂದು ಅವು ತುಂಬುತ್ತವೆ. ತುಂಬಿಸುವುದು ಹರ್ಷಿ ಬೇರ್ಸ್, ಅಂದರೆ ಹರ್ಷಿಯ ಕರಡಿಗಳು ಎಂಬ ತಂಡ. ಈ ತಂಡ ಆಡುವುದು ದೇಶದ ಮೊದಲ ದರ್ಜೆಯ ಲೀಗ್‌ನಲ್ಲಲ್ಲ, ಎರಡನೆಯದರಲ್ಲಿ. ಒಂದೂವರೆ ಲಕ್ಷ ಜನರಿರುವ ನನ್ನ ಊರಿನಲ್ಲಿ, ಅಥವಾ ಅದರ ಹತ್ತು ಪಟ್ಟು ದೊಡ್ಡದಾದ ನಮ್ಮ ಯಾವುದೇ ಊರಿನಲ್ಲಿ, ಎರಡನೆಯ ದರ್ಜೆಯ ಆಟ ನೋಡಲು ವಾರವಾರವೂ ದುಡ್ಡು ಕೊಟ್ಟು ಹತ್ತು ಸಾವಿರ ಜನ ಬರುವುದನ್ನು ನಾನು ಕಂಡಿಲ್ಲ. ಅದು ಏಕೆ ಎಂಬ ಪ್ರಶ್ನೆ ಬಹಳ ದಿನಗಳಿಂದ ತಲೆಯಲ್ಲಿದೆ. ಉತ್ತರ ಹುಡುಕಬೇಕಾದರೆ ಈ ತಂಡದ ಚರಿತ್ರೆಗೇ ಹೋಗಬೇಕಾಗುತ್ತದೆ.

ಆಟದ ಬಗ್ಗೆ ಎರಡು ಮಾತು. ಇಲ್ಲಿಯವರ ಬಾಯಲ್ಲಿ ಬರೀ ಹಾಕಿ ಎಂದರೆ ಐಸ್ ಹಾಕಿಯೇ. ಧ್ಯಾನ್‌ಚಂದ್ ಆಡಿದ್ದನ್ನು ಹೇಳಬೇಕಾದರೆ ನಾವು ಫೀಲ್ಡ್ ಹಾಕಿ ಎಂದು ಬಿಡಿಸಿ ಹೇಳಬೇಕು. ಮಂಜುಗಡ್ಡೆಯ ಅಂಕಣ, ಕಾಲಿಗೆ ಸ್ಕೇಟ್, ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ, ಒಂದೊಂದು ಕಡೆಗೆ ಆರು ಜನ, ಇಪ್ಪತ್ತು ನಿಮಿಷಗಳ ಮೂರು ಅವಧಿ. ಮೇಲಿನದು ನ್ಯಾಷನಲ್ ಹಾಕಿ ಲೀಗ್, ಎನ್‌ಎಚ್‌ಎಲ್. ಅದರ ಕೆಳಗಿನದು ಅಮೆರಿಕನ್ ಹಾಕಿ ಲೀಗ್, ಎಎಚ್‌ಎಲ್. ಎರಡರಲ್ಲಿಯೂ ಮೂವತ್ತೆರಡು ತಂಡಗಳಿದ್ದು, ಕೆಳಗಿನ ಒಂದೊಂದು ತಂಡವೂ ಮೇಲಿನ ಒಂದೊಂದು ತಂಡಕ್ಕೆ ಆಟಗಾರರನ್ನು ಪಳಗಿಸಿ ಕೊಡುತ್ತದೆ. ಮೇಲೆ ಯಾರಾದರೂ ಗಾಯಗೊಂಡರೆ ಕೆಳಗಿನವನಿಗೆ ಫೋನು ಬರುತ್ತದೆ. ಅವನು ಅಂದೇ ಗಂಟುಮೂಟೆ ಕಟ್ಟಿಕೊಂಡು ಹೊರಡುತ್ತಾನೆ. ಹರ್ಷಿಯಿಂದ ಹೊರಡುವವನು ಈಗ ಹೋಗುವುದು ರಾಜಧಾನಿಯ ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡಕ್ಕೆ, ಎರಡು ಗಂಟೆಯ ದಾರಿ.

ಊರನ್ನು ಕಟ್ಟಿದವರು ಮಿಲ್ಟನ್ ಹರ್ಷಿ. ಲ್ಯಾಂಕಾಸ್ಟರ್‌ನಲ್ಲಿದ್ದ ತಮ್ಮ ಕ್ಯಾರಮೆಲ್ ಮಿಠಾಯಿ ಕಂಪನಿಯನ್ನು 1900ರಲ್ಲಿ ಹತ್ತು ಲಕ್ಷ ಡಾಲರಿಗೆ ಮಾರಿ, ತಾವು ಹುಟ್ಟಿದ ಹಳ್ಳಿಗಾಡಿಗೆ ಮರಳಿ, ಹಾಲು ಹೇರಳವಾಗಿ ಸಿಗುವ ಆ ಹೊಲಗಳ ನಡುವೆ 1903ರಲ್ಲಿ ಚಾಕೊಲೇಟ್ ಕಾರ್ಖಾನೆಯ ಕೆಲಸ ಆರಂಭಿಸಿದರು. ಕಾರ್ಖಾನೆಯ ಸುತ್ತ ಮನೆ, ಶಾಲೆ, ಉದ್ಯಾನ, ಟ್ರಾಮ್ ಎಲ್ಲವೂ ಬಂದವು. ಬೀದಿಗಳಿಗೆ ಚಾಕೊಲೇಟ್ ಅವೆನ್ಯೂ, ಕೋಕೋ ಅವೆನ್ಯೂ ಎಂಬ ಹೆಸರುಗಳಾದವು. ಚಾಕೊಲೇಟ್ ಅವೆನ್ಯೂದ ದೀಪದ ಕಂಬಗಳ ತಲೆಯ ಮೇಲೆ ಇಂದಿಗೂ ಅವರ ಕಿಸ್ ಚಾಕೊಲೇಟಿನ ಆಕಾರದ ಬುರುಡೆಗಳಿವೆ, ಕೆಲವಕ್ಕೆ ಬೆಳ್ಳಿಯ ಹಾಳೆ ಸುತ್ತಿದಂತೆ, ಕೆಲವಕ್ಕೆ ಬಿಚ್ಚಿದಂತೆ. ನಮ್ಮಲ್ಲಿ ಕಾಗದದ ರೀಲಿನ ಆಕಾರದ ದೀಪ ಹಾಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಮಕ್ಕಳಿಲ್ಲದ ಆ ದಂಪತಿ 1909ರಲ್ಲಿ ಅನಾಥ ಹುಡುಗರಿಗಾಗಿ ಶಾಲೆಯೊಂದನ್ನು ತೆರೆದರು. ಹೆಂಡತಿ ತೀರಿಕೊಂಡ ಮೂರು ವರ್ಷಗಳಿಗೆ, 1918ರಲ್ಲಿ, ಹರ್ಷಿಯವರು ತಮ್ಮ ಆಸ್ತಿಯ ಬಹುಭಾಗವನ್ನು ಆ ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟರು. ಈ ಒಂದು ಬರಹ ಮುಂದೆ ಹಾಕಿ ತಂಡದ ಹಣೆಬರಹವನ್ನೂ ನಿರ್ಧರಿಸಿತು ಎಂಬುದು ನನ್ನ ಎಣಿಕೆ.

1931ರಲ್ಲಿ ಊರಿನ ಸಣ್ಣ ಐಸ್ ಅಂಕಣದಲ್ಲಿ ಹವ್ಯಾಸಿ ಪಂದ್ಯಗಳು ಆರಂಭವಾಗಿ, ಜನ ಮುಗಿಬಿದ್ದು ನೋಡಿದ್ದರಿಂದ 1932ರಲ್ಲಿ ಊರಿನದೇ ತಂಡ ಹುಟ್ಟಿತು. ಅದರ ಹೆಸರು ಸೊಗಸಾಗಿತ್ತು. ಇಂಗ್ಲಿಷಿನ ಬಿ ಅಕ್ಷರದ ಪಕ್ಕ ಒಂದು ಕೊಕ್ಕೆಯಿಟ್ಟು, ಚಾಕೊಲೇಟಿನ ಬಾರ್ ಎಂದೂ ಓದಬಹುದಾದ, ಕರಡಿ ಎಂದೂ ಕೇಳಿಸಿಕೊಳ್ಳಬಹುದಾದ ಹೆಸರು. ತಂಡದ ಹೆಸರಿನಲ್ಲಿ ಸರಕು ಮಾರುತ್ತೀರೆಂದು ನ್ಯೂಯಾರ್ಕಿನ ಕ್ರೀಡಾ ಬರಹಗಾರರು ಮೂದಲಿಸಿದ ಮೇಲೆ 1936ರಲ್ಲಿ ಕೊಕ್ಕೆ ಬಿದ್ದುಹೋಗಿ ಕರಡಿಗಳಷ್ಟೇ ಉಳಿದವು. ಸಿಮೆಂಟು, ಕ್ರೆಡಿಟ್ ಕಾರ್ಡು, ಪಾನ್ ಮಸಾಲೆ ಯಾವುದರ ಹೆಸರೂ ಆಟದ ಮೈಮೇಲೆ ನಿಲ್ಲಬಹುದಾದ ಈ ಕಾಲದಲ್ಲಿ ಆ ಸಂಕೋಚ ನನಗೆ ತುಂಬ ಹಿಡಿಸುತ್ತದೆ.

ಅದೇ 1936ರ ಡಿಸೆಂಬರ್ 19ರಂದು ಹೊಸ ಕ್ರೀಡಾಂಗಣ ತೆರೆಯಿತು. ಆರ್ಥಿಕ ಕುಸಿತದ ವರ್ಷಗಳಲ್ಲಿ ಊರಿನವರಿಗೆ ಕೆಲಸ ಸಿಗಲೆಂದು ಹರ್ಷಿಯವರು ಹೋಟೆಲು, ಸಮುದಾಯ ಭವನ, ರಂಗಮಂದಿರ ಎಂದು ಒಂದರ ಹಿಂದೊಂದು ಕಟ್ಟಿಸಿದರು. ಆ ಸಾಲಿನಲ್ಲಿಯೇ ಇದೂ ಬಂದದ್ದು. ಇದರ ಚಾವಣಿಯನ್ನು ವಿನ್ಯಾಸ ಮಾಡಿದವರು ಆಂಟನ್ ಟೆಡೆಸ್ಕೊ ಎಂಬ ಎಂಜಿನಿಯರ್. ನಡುವೆ ಒಂದೇ ಒಂದು ಕಂಬವಿಲ್ಲದೆ 222 ಅಡಿ ಅಗಲವನ್ನು ಕಮಾನಿನಂತೆ ದಾಟುವ ಆ ಕಾಂಕ್ರೀಟಿನ ದಪ್ಪ ಬರೀ ಮೂರೂವರೆ ಇಂಚು. ಇಂಥ ತೆಳುವಾದ ಕಾಂಕ್ರೀಟಿನ ಚಿಪ್ಪನ್ನು ಅಮೆರಿಕದಲ್ಲಿ ಅಷ್ಟು ದೊಡ್ಡದಾಗಿ ಎರಕ ಹೊಯ್ದದ್ದು ಅದೇ ಮೊದಲು, ಹೊಯ್ದವರು ಬಹುಮಟ್ಟಿಗೆ ಊರಿನ ಕೂಲಿಗಳೇ. ಊರಿನ ಮಂದಿಯನ್ನೆಲ್ಲ ತಂದು ಕೂರಿಸಿದರೂ ಮಿಕ್ಕುವಷ್ಟು, ಏಳು ಸಾವಿರಕ್ಕೂ ಹೆಚ್ಚು ಆಸನಗಳನ್ನು ಹಾಕಿದರು. ನಾನು ಒಮ್ಮೆ ಒಳಗೆ ಹೋಗಿ ಮೇಲಿನ ಸಾಲಿನ ಮರದ ಕುರ್ಚಿಯಲ್ಲಿ ಕುಳಿತು ಆ ಚಾವಣಿಯನ್ನು ಬಹಳ ಹೊತ್ತು ನೋಡಿದ್ದೇನೆ. ಕೈ ಮೇಲೆತ್ತಿ ಹಿಡಿದರೆ ಅಂಗೈ ಅಗಲಕ್ಕೂ ಅದರ ದಪ್ಪಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾದದ್ದೂ 1936ರಲ್ಲಿಯೇ. ಅದಕ್ಕೂ ಮೊದಲೇ, 1923ರಿಂದ, ಭದ್ರಾವತಿಯಲ್ಲಿ ಕಬ್ಬಿಣ ಕರಗುತ್ತಿತ್ತು. ಆದ್ದರಿಂದ ಹರ್ಷಿಯ ಕಥೆಯನ್ನು ಕೇಳಿದಾಗ ನನಗೆ ಅಪರಿಚಿತವೆನಿಸಿದ್ದು ಸ್ವಲ್ಪವೇ. ಕಾರ್ಖಾನೆಯ ಕ್ವಾರ್ಟರ್ಸು, ಕಾರ್ಖಾನೆಯ ಶಾಲೆ, ಕಾರ್ಖಾನೆಯ ಆಸ್ಪತ್ರೆ, ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುವ ಬದುಕು ನಮಗೂ ಗೊತ್ತು. ಅಂಥ ಊರುಗಳಲ್ಲಿ ಆಟಕ್ಕೆ ಬರವಿರಲಿಲ್ಲ. ಕಾರ್ಖಾನೆಗೆ ಅದರದೇ ತಂಡ, ಅದರ ವಿಭಾಗಗಳ ನಡುವೆ ಟೂರ್ನಿ. ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ ಎಂಬುದನ್ನು ನಮ್ಮೂರಿನ ಚಹದಂಗಡಿಯಲ್ಲಿ ಕೂತವರು ಈಗಲೂ ಹೊಸಬರಿಗೆ ಹೇಳದೆ ಬಿಡುವುದಿಲ್ಲ.

ಕಂಪನಿಯ ಊರು ಎಂಬುದನ್ನು ಹೊಗಳುವ ಮೊದಲು ಅದರ ಇನ್ನೊಂದು ಮುಖವನ್ನೂ ಹೇಳಬೇಕು. ಹೊಸ ಕ್ರೀಡಾಂಗಣ ತೆರೆದು ನಾಲ್ಕು ತಿಂಗಳಾಗಿರಲಿಲ್ಲ, 1937ರ ಏಪ್ರಿಲ್‌ನಲ್ಲಿ ಕಾರ್ಮಿಕರು ಕಾರ್ಖಾನೆಯೊಳಗೇ ಕುಳಿತು ಮುಷ್ಕರ ಹೂಡಿದರು. ಹಾಲು ಕೊಳ್ಳುವವರಿಲ್ಲದೆ ಕಂಗೆಟ್ಟ ರೈತರೂ ಕಂಪನಿಯ ಪರವಾಗಿದ್ದ ಕಾರ್ಮಿಕರೂ ಒಳಗೆ ನುಗ್ಗಿ, ಕುಳಿತವರನ್ನು ಹೊಡೆದು ಹೊರಗೆ ಅಟ್ಟಿದರು. ಒಬ್ಬ ಯಜಮಾನ ಎಲ್ಲವನ್ನೂ ಕೊಟ್ಟಾಗ ಕೊಟ್ಟದ್ದು ಸಾಲದೆನ್ನುವ ಹಕ್ಕು ಯಾರಿಗಿದೆ ಎಂಬ ಜಗಳ ಎಂದಾದರೂ ಒಂದು ದಿನ ಬಂದೇ ಬರುತ್ತದೆ. ಇಂದಿನ ಪಂದ್ಯಗಳ ಸಡಗರದಲ್ಲಿ ಈ ಪ್ರಸಂಗವನ್ನು ಯಾರೂ ನೆನೆಯುವುದಿಲ್ಲ.

ಮುಷ್ಕರದ ಮರುವರ್ಷ, 1938ರಲ್ಲಿ, ತಂಡ ಇಂದಿನ ಎಎಚ್‌ಎಲ್‌ನ ಪೂರ್ವರೂಪವಾಗಿದ್ದ ಲೀಗನ್ನು ಸೇರಿತು. ಅಂದಿನಿಂದ ಇಂದಿನವರೆಗೆ ಒಂದು ಋತುವೂ ತಪ್ಪದೆ, ಊರು ಬದಲಿಸದೆ, ಹೆಸರು ಬದಲಿಸದೆ ಆಡುತ್ತಿದೆ. ಅಷ್ಟು ದೀರ್ಘಕಾಲ ಎಡೆಬಿಡದೆ ಉಳಿದ ಇನ್ನೊಂದು ತಂಡ ಆ ಲೀಗ್‌ನಲ್ಲಿಲ್ಲ. ಇದರ ಬೆಲೆ ತಿಳಿಯಬೇಕಾದರೆ ನೆರೆಹೊರೆಯವರನ್ನು ನೋಡಬೇಕು. ಪಿಟ್ಸ್‌ಬರ್ಗಿನ ಹಾರ್ನೆಟ್ಸ್ ತಂಡ 1956ರಲ್ಲಿ ತನ್ನ ಅಂಕಣವನ್ನು ಕೆಡವಿದ್ದರಿಂದ ಆಟ ನಿಲ್ಲಿಸಿತು. ಫಿಲಡೆಲ್ಫಿಯಾದ ಫ್ಯಾಂಟಮ್ಸ್ ತಂಡ 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್‌ಗೆ ಹೋಗಿ, 2014ರಲ್ಲಿ ಮತ್ತೆ ಗಂಟುಕಟ್ಟಿ ಪೆನ್ಸಿಲ್ವೇನಿಯಾದ ಆಲನ್‌ಟೌನ್‌ಗೆ ಬಂದಿತು. ಬಾಡಿಗೆ ಮನೆಯವರಂತೆ ಇವರ ಅಲೆದಾಟ.

ಹಾರ್ನೆಟ್ಸ್ ನಿಂತದ್ದರಿಂದ ಹರ್ಷಿಗೆ ಲಾಭವೇ ಆಯಿತು. ಅಲ್ಲಿ ಆಡುತ್ತಿದ್ದ ಫ್ರಾಂಕ್ ಮ್ಯಾಥರ್ಸ್ 1956ರಲ್ಲಿ ಆಟಗಾರನೂ ತರಬೇತುದಾರನೂ ಆಗಿ ಇಲ್ಲಿಗೆ ಬಂದರು. ಬಂದವರು ಹೋಗಲಿಲ್ಲ. 1958, 1959, 1969ರಲ್ಲಿ ಲೀಗಿನ ಪ್ರಶಸ್ತಿಯಾದ ಕಾಲ್ಡರ್ ಕಪ್ ಗೆಲ್ಲಿಸಿ, 1973ರಲ್ಲಿ ತರಬೇತಿ ಬಿಟ್ಟು ಆಡಳಿತಕ್ಕೆ ಸರಿದು, 1991ರಲ್ಲಿ ನಿವೃತ್ತರಾಗುವವರೆಗೆ ಮೂವತ್ತೈದು ವರ್ಷ ಒಂದೇ ತಂಡದಲ್ಲಿ, ಅದೂ ಎರಡನೆಯ ದರ್ಜೆಯ ತಂಡದಲ್ಲಿ, ಕಳೆದರು. 1992ರಲ್ಲಿ ಅವರನ್ನು ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿಸಿದರು. ಮೇಲೆ ಹೋಗುವುದೇ ಎಲ್ಲರ ಗುರಿಯಾಗಿರುವ ಕಡೆ ಇಲ್ಲೇ ಇದ್ದು ಮಾಡಿದ ಕೆಲಸಕ್ಕೆ ಅಷ್ಟು ದೊಡ್ಡ ಮನ್ನಣೆ ಸಿಕ್ಕಿತೆಂಬುದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ನಮ್ಮಲ್ಲಿ ಜೀವಮಾನವೆಲ್ಲ ರಣಜಿಯಲ್ಲೇ ಆಡಿದವನನ್ನು ಪಾಪ, ಅವಕಾಶ ಸಿಗಲಿಲ್ಲ ಎಂದು ಕನಿಕರಿಸುವುದೇ ರೂಢಿ.

ಅದೇ ಹಳೆಯ ಕ್ರೀಡಾಂಗಣದಲ್ಲಿ 1962ರ ಮಾರ್ಚ್ 2ರಂದು ಬ್ಯಾಸ್ಕೆಟ್‌ಬಾಲ್ ಆಟಗಾರ ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ ನೂರು ಅಂಕ ಗಳಿಸಿದರು. ಫಿಲಡೆಲ್ಫಿಯಾದ ತಂಡ ಊರೂರಿಗೆ ಹೋಗಿ ಆಡುವ ಪದ್ಧತಿಯಿದ್ದುದರಿಂದ ಆ ದಾಖಲೆ ಈ ಚಾಕೊಲೇಟಿನ ಊರಿಗೆ ಬಿದ್ದಿತು. ಅಂದು ನೋಡಲು ಬಂದವರು 4,124 ಜನ ಮಾತ್ರ. ಕರಡಿಗಳಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಹರ್ಷಿಯವರು ಇದನ್ನು ಹೇಳದೆ ಬಿಟ್ಟದ್ದನ್ನು ನಾನು ನೋಡಿಲ್ಲ. ನಮಗೆ ವಿಶ್ವನಾಥ್ ಇದ್ದಂತೆ.

ತಂಡಕ್ಕೆ ಮೇಲಿನ ಯಜಮಾನರು ಹಲವರು ಬಂದು ಹೋಗಿದ್ದಾರೆ. ಬಾಸ್ಟನ್ ಬ್ರೂಯಿನ್ಸ್, ಪಿಟ್ಸ್‌ಬರ್ಗ್ ಪೆಂಗ್ವಿನ್ಸ್, 1977ರಿಂದ ವಾಷಿಂಗ್ಟನ್, 1984ರಿಂದ ಫಿಲಡೆಲ್ಫಿಯಾ, 1996ರಿಂದ ದೂರದ ಕೊಲರಾಡೊ, 2005ರಿಂದ ಮತ್ತೆ ವಾಷಿಂಗ್ಟನ್. ಒಪ್ಪಂದ ಮುಗಿದಾಗ ಆಟಗಾರರೆಲ್ಲ ಹೆಚ್ಚುಕಡಿಮೆ ಒಮ್ಮೆಲೇ ಹೊರಟುಹೋಗುತ್ತಾರೆ, ಹೊಸಬರು ಬಂದು ಅದೇ ಅಂಗಿ ತೊಡುತ್ತಾರೆ. ಒಪ್ಪಂದ ಇರುವಾಗಲೂ ಸುಖವಿಲ್ಲ. 1979ರ ನವೆಂಬರ್‌ನಲ್ಲಿ ಋತು ಆರಂಭವಾದ ಕೆಲವೇ ವಾರಗಳಲ್ಲಿ ಇಪ್ಪತ್ತಾರು ವರ್ಷದ ತರಬೇತುದಾರ ಗ್ಯಾರಿ ಗ್ರೀನ್ ಅವರನ್ನು ವಾಷಿಂಗ್ಟನ್ ಎತ್ತಿಕೊಂಡು ಹೋಯಿತು. ಆ ತರಬೇತುದಾರನಿಲ್ಲದ ಕರಡಿಗಳು ಮುಂದಿನ ವಸಂತದಲ್ಲಿ ಕಪ್ ಗೆದ್ದವು. 2006ರಲ್ಲಿ ಕಪ್ ತಂದುಕೊಟ್ಟ ಬ್ರೂಸ್ ಬುಡ್ರೊ ಅವರನ್ನು 2007ರ ನವೆಂಬರ್‌ನಲ್ಲಿ ಹಾಗೆಯೇ ಕರೆದೊಯ್ದರು. 2009 ಮತ್ತು 2010ರಲ್ಲಿ ತಂಡ ಮತ್ತೆರಡು ಸಲ ಗೆದ್ದಿತು. ಸಾಕಿ ಬೆಳೆಸಿದ ಮಗಳನ್ನು ಧಾರೆಯೆರೆದು ಕೊಟ್ಟ ಮನೆಯವರ ಹಾಗೆ ಊರಿನವರು ಹೋದವರ ಸುದ್ದಿಯನ್ನು ವಿಚಾರಿಸುತ್ತಲೇ ಇರುತ್ತಾರೆ. 2018ರಲ್ಲಿ ವಾಷಿಂಗ್ಟನ್ ತಂಡ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದಾಗ ಅದರಲ್ಲಿದ್ದ ಬ್ರೇಡನ್ ಹೋಲ್ಟ್‌ಬಿ, ಜಾನ್ ಕಾರ್ಲ್ಸನ್, ಜೇ ಬೀಗಲ್ ಮೊದಲಾದವರೆಲ್ಲ ಹರ್ಷಿಯ ಮೂಸೆಯಲ್ಲಿ ಕಾದು ಬಂದವರೇ. ಬೀಗಲ್ ಅಂತೂ ಇನ್ನೂ ಕೆಳಗಿನ ಮೂರನೆಯ ಲೀಗ್‌ನ ಕಪ್ಪನ್ನೂ ಗೆದ್ದು ಮೂರು ಮೆಟ್ಟಿಲುಗಳ ಕಪ್ಪುಗಳನ್ನೂ ಎತ್ತಿದವರು.

ಹೀಗೆ ಎಲ್ಲರೂ ಹೋಗುವುದು ಖಚಿತವಾಗಿರುವಾಗ ಊರಿನವರು ಏನನ್ನು ನೋಡಲು ಬರುತ್ತಾರೆ? ತಂಡ ಎಲ್ಲಿಗೂ ಹೋಗುವುದಿಲ್ಲ ಎಂಬ ನಂಬಿಕೆಯೇ ಅವರನ್ನು ಕರೆತರುತ್ತದೆ ಎಂದು ನನಗೆ ತೋರುತ್ತದೆ. ಆ ನಂಬಿಕೆಗೆ ಆಧಾರ 1918ರ ಬರಹ. ತಂಡದ ಒಡೆತನ ಊರಿನ ಉದ್ಯಾನ, ಹೋಟೆಲುಗಳನ್ನು ನಡೆಸುವ ಕಂಪನಿಯದು. ಆ ಕಂಪನಿ ಪೂರ್ತಿಯಾಗಿ ಟ್ರಸ್ಟಿನದು. ಟ್ರಸ್ಟ್ ಇರುವುದು ಬಡಮಕ್ಕಳ ಶಾಲೆಗಾಗಿ, ಅಲ್ಲಿ ಇಂದು ಎರಡು ಸಾವಿರದಷ್ಟು ಮಕ್ಕಳು ಊಟ, ವಸತಿ, ಓದು ಎಲ್ಲವನ್ನೂ ಉಚಿತವಾಗಿ ಪಡೆಯುತ್ತಿದ್ದಾರೆ. ಟಿಕೆಟ್ಟಿನ ಬೆಲೆ ಕಡಿಮೆಯೇನಲ್ಲ, ಪಾರ್ಕಿಂಗಿಗೆ ಬೇರೆ ದುಡ್ಡು, ಒಳಗೆ ಒಂದು ಲೋಟ ಸೋಡಾ ಕೊಳ್ಳಲೂ ಎದೆಗಾರಿಕೆ ಬೇಕು. ಆದರೆ ಮಾರಿ ಹೋಗುವ ಮಾಲೀಕನೊಬ್ಬ ಇಲ್ಲವೆಂಬುದು ಎಲ್ಲರಿಗೂ ಗೊತ್ತು.

ಟ್ರಸ್ಟೇ ಒಮ್ಮೆ ಮಾರಲು ಹೊರಟಿತ್ತು, ತಂಡವನ್ನಲ್ಲ, ಚಾಕೊಲೇಟ್ ಕಂಪನಿಯನ್ನೇ. 2002ರ ಬೇಸಿಗೆಯಲ್ಲಿ ಈ ಸುದ್ದಿ ಹೊರಬಿದ್ದಾಗ ಊರು ಬೀದಿಗಿಳಿಯಿತು. ಕಾರ್ಮಿಕರು, ಶಾಲೆಯ ಹಳೆಯ ವಿದ್ಯಾರ್ಥಿಗಳು, ಅಂಗಡಿಯವರು ಒಂದಾದರು. ರಾಜ್ಯದ ಅಟಾರ್ನಿ ಜನರಲ್ ನ್ಯಾಯಾಲಯಕ್ಕೆ ಹೋದರು. ವ್ರಿಗ್ಲಿ ಕಂಪನಿ 1,250 ಕೋಟಿ ಡಾಲರ್ ಕೊಡಲು ಮುಂದೆ ಬಂದಿದ್ದರೂ ಸೆಪ್ಟೆಂಬರ್‌ನಲ್ಲಿ ಟ್ರಸ್ಟ್ ಹಿಂದೆ ಸರಿಯಿತು. ಅದರ ಮರುತಿಂಗಳೇ ತಂಡ ಜೈಂಟ್ ಸೆಂಟರ್ ಎಂಬ ಈಗಿನ ಹೊಸ ಕ್ರೀಡಾಂಗಣಕ್ಕೆ ಬಂದಿತು. ನಮ್ಮೂರಿನ ಲೆಕ್ಕ ಬೇರೆಯಾಯಿತು. ಕಾಗದದ ಯಂತ್ರಗಳು 2015ರ ಹೊತ್ತಿಗೆ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ನಮ್ಮವರಿಗೆ ಊರಿನ ಅಭಿಮಾನ ಕಡಿಮೆಯೆಂದು ನಾನು ಒಪ್ಪುವುದಿಲ್ಲ; ಹಿಡಿದುಕೊಳ್ಳಲು ಕೈಯಲ್ಲೊಂದು ಪತ್ರವಿರಲಿಲ್ಲ, ಅಷ್ಟೇ. ಕಾರ್ಖಾನೆಯ ತಂಡ ಕಾರ್ಖಾನೆಯದಾಗಿತ್ತು, ಊರಿನದಾಗಿರಲಿಲ್ಲ. ಯಂತ್ರ ನಿಂತ ಮೇಲೆ ವಿಭಾಗಗಳೇ ಇಲ್ಲ, ಇನ್ನು ಅಂತರ ವಿಭಾಗ ಟೂರ್ನಿ ಎಲ್ಲಿಂದ ಬರಬೇಕು?

ಆದರೂ ನಮ್ಮ ಪದ್ಧತಿಯನ್ನು ಪೂರ್ತಿ ತೆಗೆದುಹಾಕಲು ಮನಸ್ಸು ಬಾರದು. ಬೆಂಗಳೂರಿನ ಎಚ್‌ಎಎಲ್, ಐಟಿಐ ಕಾರ್ಖಾನೆಗಳಲ್ಲಿ, ಬ್ಯಾಂಕುಗಳಲ್ಲಿ, ರೈಲ್ವೆಯಲ್ಲಿ ಆಟಗಾರ ಮೊದಲು ನೌಕರ, ಆಮೇಲೆ ಆಟಗಾರ. ಮೂವತ್ತೈದಕ್ಕೆ ಮಂಡಿ ಸೋತರೆ ಮೇಜಿನ ಹಿಂದೆ ಕುಳಿತು ಅರವತ್ತರವರೆಗೆ ಸಂಬಳ, ಆಮೇಲೆ ಪಿಂಚಣಿ. ಹರ್ಷಿಯ ಹುಡುಗನಿಗೆ ಇರುವುದು ಒಂದೆರಡು ವರ್ಷದ ಕರಾರು. ಅದರಲ್ಲಿಯೂ ಮೇಲಿದ್ದ ದಿನಕ್ಕೆ ಒಂದು ಸಂಬಳ, ಕೆಳಗಿದ್ದ ದಿನಕ್ಕೆ ಇನ್ನೊಂದು. ಮೂವತ್ತಕ್ಕೆ ಅವನನ್ನು ಯಾರೂ ಕೇಳದಿದ್ದರೆ ಊರಿಗೆ ಹೋಗಿ ಬೇರೆ ಕೆಲಸ ಹುಡುಕಬೇಕು. ಅವರು ಊರಿಗೆ ತಂಡವನ್ನು ಉಳಿಸಿಕೊಟ್ಟರು, ನಾವು ಆಟಗಾರನ ಅನ್ನವನ್ನು ಉಳಿಸಿಕೊಟ್ಟೆವು. ಎರಡನ್ನೂ ಮಾಡಿದವರು ನನಗೆ ಗೊತ್ತಿಲ್ಲ. ನಮ್ಮ ಕಡೆ ಈಗ ಅದೂ ಉಳಿಯುವಂತೆ ಕಾಣುವುದಿಲ್ಲ.

ಈಚೆಗೆ ನಾವು ಹಿಡಿದಿರುವ ದಾರಿ ಅಮೆರಿಕದ್ದೆಂದು ಹೇಳಿಕೊಳ್ಳುತ್ತೇವೆ. ಊರಿನ ಹೆಸರಿಟ್ಟು, ಪ್ರಾಣಿಯೊಂದನ್ನು ಜೋಡಿಸಿ, ಮಾಲೀಕನಿಗೆ ಹರಾಜು ಹಾಕುವುದು. 2009ರಲ್ಲಿ ಕರ್ನಾಟಕ ಪ್ರೀಮಿಯರ್ ಲೀಗ್ ಆರಂಭವಾದಾಗ ನಾನೂ ಸಂಭ್ರಮಿಸಿದ್ದೆ. ಬಿಜಾಪುರ ಬುಲ್ಸ್, ಬಳ್ಳಾರಿ ಟಸ್ಕರ್ಸ್ ಎಂಬ ಹೆಸರುಗಳೇನೋ ಬಂದವು, ಆದರೆ ಪಂದ್ಯಗಳು ನಡೆದದ್ದು ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. 2019ರ ಪಂದ್ಯ ಮೋಸದ ತನಿಖೆಯ ನಂತರ ಆ ಲೀಗ್ ನಿಂತು, 2022ರಲ್ಲಿ ಮಹಾರಾಜ ಟ್ರೋಫಿ ಬಂದಿತು. ಶಿವಮೊಗ್ಗದ ನವುಲೆಯಲ್ಲಿ ಒಳ್ಳೆಯ ಕ್ರಿಕೆಟ್ ಮೈದಾನವಿದೆ, ರಣಜಿ ಪಂದ್ಯಗಳು ನಡೆದಿವೆ. ಹಾಗಿದ್ದೂ 2023 ಮತ್ತು 2024ರಲ್ಲಿ ಶಿವಮೊಗ್ಗ ಲಯನ್ಸ್ ತನ್ನ ಎಲ್ಲ ಪಂದ್ಯಗಳನ್ನೂ ಆಡಿದ್ದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಟಿವಿಯವರ ಅನುಕೂಲ, ಖರ್ಚು ಎಂದು ಕಾರಣಗಳಿರಬಹುದು, ಅವು ಸುಳ್ಳೂ ಅಲ್ಲದಿರಬಹುದು. ಆದರೆ ಶಿವಮೊಗ್ಗದ ಹುಡುಗನೊಬ್ಬ ಶಿವಮೊಗ್ಗದ ತಂಡವನ್ನು ನೋಡಲು ರಾತ್ರಿ ಬಸ್ಸು ಹತ್ತಬೇಕಾದರೆ ಅದನ್ನು ಊರಿನ ತಂಡವೆಂದು ಹೇಗೆ ಕರೆಯುವುದು? ಅಮೆರಿಕದಿಂದ ನಾವು ತಂದುಕೊಂಡದ್ದು ಪ್ರಾಣಿಯನ್ನು ಮಾತ್ರ, ಅದರ ಗುಹೆಯನ್ನಲ್ಲ.

ಪ್ರೇಕ್ಷಕರಾಗಿ ನಮ್ಮ ಮೇಲೂ ನನಗೆ ಒಂದು ಆಕ್ಷೇಪವಿದೆ. ರಣಜಿ ಪಂದ್ಯಕ್ಕೆ ಸಾಮಾನ್ಯವಾಗಿ ಟಿಕೆಟ್ಟಿಲ್ಲ, ಒಳಗೆ ಜನವೂ ಇಲ್ಲ. 2025ರ ಜನವರಿ ಕೊನೆಯಲ್ಲಿ ವಿರಾಟ್ ಕೊಹ್ಲಿ ದೆಹಲಿಯ ಪರವಾಗಿ ರಣಜಿ ಆಡಲು ಬಂದಾಗ ಬಾಗಿಲಲ್ಲಿ ನೂಕುನುಗ್ಗಲಾಯಿತು. ಅವರು ಆರು ರನ್ನಿಗೆ ಔಟಾದ ಕೂಡಲೇ ಜನ ಎದ್ದು ಹೊರಟರು. ಅವರು ಪಂದ್ಯ ನೋಡಲು ಬಂದವರೇ ಅಲ್ಲ. ಹರ್ಷಿಯಲ್ಲಿ ಮೊನ್ನೆ ಮೇಲಿಂದ ಇಳಿದುಬಂದ ತಾರೆಗೆ ಚಪ್ಪಾಳೆ ಸಿಗುತ್ತದೆ, ನಿಜ, ಆದರೆ ಹತ್ತು ವರ್ಷದಿಂದ ಅಲ್ಲೇ ಇರುವವನಿಗೆ ಅದಕ್ಕಿಂತ ಜೋರಾಗಿ ಸಿಗುತ್ತದೆ.

ಕೊಡಗನ್ನು ಮರೆತು ಈ ಮಾತು ಆಡಿದರೆ ತಪ್ಪಾಗುತ್ತದೆ. 1997ರಲ್ಲಿ ಕರಡ ಎಂಬ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು ಅರುವತ್ತು ಕುಟುಂಬಗಳ ತಂಡಗಳನ್ನು ಸೇರಿಸಿ ಆರಂಭಿಸಿದ ಕೊಡವ ಹಾಕಿ ಉತ್ಸವದಲ್ಲಿ 2024ರಲ್ಲಿ, ನಾಪೋಕ್ಲಿನ ಕುಂಡ್ಯೋಳಂಡ ಕಪ್‌ನಲ್ಲಿ, 360 ಕುಟುಂಬಗಳು ಆಡಿದವು. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಇರುತ್ತಾರೆ. ಪ್ರತಿ ವರ್ಷ ಒಂದೊಂದು ಒಕ್ಕ, ಅಂದರೆ ಮನೆತನ, ಹೊಣೆ ಹೊರುತ್ತದೆ, ಕಪ್ಪಿಗೆ ಆ ಮನೆತನದ ಹೆಸರು ಬರುತ್ತದೆ. ಮಾಲೀಕನೂ ಇಲ್ಲ, ಟ್ರಸ್ಟೂ ಇಲ್ಲ. ಹರ್ಷಿಯ ಗೆಳೆಯನೊಬ್ಬನಿಗೆ ಇದನ್ನು ವಿವರಿಸಿದಾಗ ಆತ ಮೊದಲು ಕೇಳಿದ್ದು ಟಿಕೆಟ್ ಎಷ್ಟು ಎಂದು. ಅಲ್ಲಿಗೆ ನಾನು ಸ್ವಲ್ಪ ಬೀಗಿದೆ.

2023ರ ಚಳಿಗಾಲಕ್ಕೆ ಅಪ್ಪ ನಮ್ಮಲ್ಲಿಗೆ ಬಂದರು. ಮನೆಯಲ್ಲಿ ಕೂತು ಬೇಸರವಾಗಬಾರದೆಂದು ಪಂದ್ಯಗಳಿಗೆ ಕರೆದುಕೊಂಡು ಹೋಗತೊಡಗಿದೆ. ಹರ್ಷಿ ಎಂಬ ಹೆಸರು ಕೇಳಿ ಹರ್ಷದ ಊರು ಅನ್ನು ಎಂದವರು, ಒಳಗೆ ಹೋದ ಮೇಲೆ ಮೊದಲು ಗಮನಿಸಿದ್ದು ಆಟವನ್ನಲ್ಲ, ವಿರಾಮದಲ್ಲಿ ಅಂಕಣದ ಮೇಲೆ ಸುತ್ತುವ ಜಾಂಬೋನಿ ಎಂಬ ಯಂತ್ರವನ್ನು. ಅದು ಮೇಲಿನ ಒರಟು ಪದರವನ್ನು ಕೆರೆದು, ಹಿಂದೆ ಬಿಸಿನೀರು ಸವರಿಕೊಂಡು ಹೋಗುತ್ತದೆ. ನೀರು ಹೆಪ್ಪುಗಟ್ಟಿ ಕನ್ನಡಿಯಂತಾಗುತ್ತದೆ. ಕಾಗದದ ಹಾಳೆ ರೋಲರಿನ ಕೆಳಗೆ ನುಣುಪಾಗಿ ಬರುವುದನ್ನು ಮೂವತ್ತು ವರ್ಷ ನೋಡಿದ ಅವರಿಗೆ ಅದೊಂದು ಸಾಕಾಯಿತು. ಮೂರನೆಯ ಪಂದ್ಯದ ಹೊತ್ತಿಗೆ ಅವರು ಗೋಲ್‌ಕೀಪರ್ ಹಂಟರ್ ಶೆಪರ್ಡ್ ಅವರನ್ನು ತಮ್ಮವನೆಂದು ಮಾಡಿಕೊಂಡಿದ್ದರು. ಶೆಪರ್ಡ್ ಅವರನ್ನು ಎನ್‌ಎಚ್‌ಎಲ್‌ನ ಯಾವ ತಂಡವೂ ಆಯ್ಕೆ ಪಟ್ಟಿಯಲ್ಲಿ ಕರೆದಿರಲಿಲ್ಲ. ಮೂರನೆಯ ಲೀಗಿನಿಂದ ಮೇಲೆ ಬಂದು, ಆ ವರ್ಷದ ಜೂನ್‌ನಲ್ಲಿ ಹರ್ಷಿಗೆ ಹನ್ನೆರಡನೆಯ ಕಾಲ್ಡರ್ ಕಪ್ ತಂದುಕೊಟ್ಟ ಪಂದ್ಯಗಳ ಶ್ರೇಷ್ಠ ಆಟಗಾರ ಎನಿಸಿದ್ದರು. ಕ್ಯಾಲಿಫೋರ್ನಿಯಾದ ಮರುಭೂಮಿಯ ಊರಿನ ತಂಡವಾದ ಕೋಚೆಲ್ಲಾ ವ್ಯಾಲಿಯ ಎದುರು ಮೊದಲೆರಡು ಪಂದ್ಯ ಸೋತು, ಏಳನೆಯದನ್ನು ಹೆಚ್ಚುವರಿ ಅವಧಿಯಲ್ಲಿ ಗೆದ್ದ ಕಥೆಯನ್ನು ನಾನು ಅಪ್ಪನಿಗೆ ಎರಡು ಸಲ ಹೇಳಬೇಕಾಯಿತು. ಮರುಭೂಮಿಯಲ್ಲಿ ಐಸು ಹೇಗೆ ನಿಲ್ಲುತ್ತದೆಂಬುದೇ ಅವರ ಪ್ರಶ್ನೆ.

2024ರ ಜನವರಿ 7ರಂದು ಕರಡಿ ಗೊಂಬೆ ಎಸೆಯುವ ಪಂದ್ಯ. ಹರ್ಷಿ ತಂಡ ಮೊದಲ ಗೋಲು ಹೊಡೆದ ಕೂಡಲೇ ಪ್ರೇಕ್ಷಕರೆಲ್ಲ ತಂದಿರುವ ಮೆತ್ತನೆಯ ಗೊಂಬೆಗಳನ್ನು ಅಂಕಣಕ್ಕೆ ಎಸೆಯುತ್ತಾರೆ, ಅವನ್ನು ಒಟ್ಟುಮಾಡಿ ಸುತ್ತಲಿನ ಸೇವಾಸಂಸ್ಥೆಗಳ ಮೂಲಕ ಮಕ್ಕಳಿಗೆ ಹಂಚುತ್ತಾರೆ. ಮಗಳು ಎರಡು ಚೀಲ ತುಂಬಿಕೊಂಡು ಬಂದಿದ್ದಳು. ಅಪ್ಪನ ಕೈಗೂ ಒಂದು ಕಂದು ಕರಡಿಯನ್ನು ಕೊಟ್ಟೆವು. ಅವರು ಅದರ ಕಿವಿಗೆ ಕಟ್ಟಿದ್ದ ಬೆಲೆಯ ಚೀಟಿಯನ್ನು ಓದಿದರು. "ದುಡ್ಡು ಕೊಟ್ಟು ತಂದಿದ್ದನ್ನ ಎಸೀಬೇಕಾ ಮಾರಾಯ?" ಎಂದರು. ಗೋಲಾಯಿತು. ಒಂದು ಕ್ಷಣ ಗಾಳಿಯಲ್ಲಿ ಗೊಂಬೆಗಳೇ ತುಂಬಿ ಎದುರಿನ ಗ್ಯಾಲರಿ ಕಾಣಿಸಲಿಲ್ಲ. ಮೇಲಿನ ಸಾಲುಗಳಿಂದ ಎಸೆದವು ಕೆಳಗಿನವರ ತಲೆಗೆ ಬಡಿದು, ಅವರು ಅವನ್ನೆತ್ತಿ ಮುಂದಕ್ಕೆ ಎಸೆದು, ಬಿಳಿಯ ಅಂಕಣ ನೋಡನೋಡುತ್ತ ಬಣ್ಣದ ರಾಶಿಯಾಯಿತು. ಅಂದಿನ ಎಣಿಕೆ 74,599. ಮರುವರ್ಷ 2025ರ ಜನವರಿ 5ರಂದು ಅದೇ ಅಂಕಣದಲ್ಲಿ 1,02,343 ಗೊಂಬೆಗಳು ಬಿದ್ದವು. ಅಪ್ಪ ಬಂದಿದ್ದ ಆ ದಿನ ಗದ್ದಲವೆಲ್ಲ ಅಡಗಿ ಆಟಗಾರರೇ ಗೊಂಬೆ ಹೆಕ್ಕುತ್ತಿರುವಾಗ ನೋಡಿದರೆ ಅಪ್ಪನ ಕರಡಿ ಇನ್ನೂ ಅವರ ಕೋಟಿನೊಳಗೇ ಇತ್ತು. ಹೊರಗೆ ಹೋಗುವಾಗ ಬಾಗಿಲ ಹತ್ತಿರವಿದ್ದ ಪೆಟ್ಟಿಗೆಯಲ್ಲಿ ಅದನ್ನು ಮಲಗಿಸಿ ಬಂದರು.

2024ರ ಏಪ್ರಿಲ್‌ನಲ್ಲಿ ಅವರು ಭದ್ರಾವತಿಗೆ ಮರಳಿದರು. ಜೂನ್‌ನಲ್ಲಿ ಕರಡಿಗಳು ಮತ್ತೆ ಕೋಚೆಲ್ಲಾ ವ್ಯಾಲಿಯನ್ನು ಸೋಲಿಸಿ ಹದಿಮೂರನೆಯ ಕಪ್ ಗೆದ್ದದ್ದನ್ನು ಫೋನಿನಲ್ಲಿ ತಿಳಿಸಿದೆ. ಅಕ್ಟೋಬರ್‌ನಲ್ಲಿ ಹೊಸ ಋತು ಆರಂಭವಾದಾಗ ಅವರೇ ಫೋನು ಮಾಡಿದರು. ಊರಿನ ಮಳೆ, ಅಡಿಕೆಯ ರೇಟು, ನೆರೆಮನೆಯ ಮದುವೆ ಎಲ್ಲ ಮುಗಿದ ಮೇಲೆ ಕೇಳಿದರು.

"ಆ ಶೆಪರ್ಡ್‌ನ ಮೇಲಕ್ಕೆ ಕರ್ಕೊಂಡ್ರೇನೋ?"

"ಇಲ್ಲ ಅಪ್ಪ, ಇಲ್ಲೇ ಇದಾನೆ."

"ಸದ್ಯ" ಎಂದರು.